ದೀಪ ದೊಡ್ಡದು ಮಾಡಮ್ಮ

"ಬದುಕು ಇನ್ನೂ ಶುರುವಾಗುವ ಮೊದಲೇ ಹೊರಟುಹೋದವರನ್ನು ನೆನೆದು ದೇವರಿಗೆ ಕೈಮುಗಿಯಲು ಆಗುತ್ತದೆಯೆ, ಬುದ್ಧಿ?"

ಹೀಗೆ ಕೇಳಿದವನು ಮರುಳಸಿದ್ದ. ಹಿಂದಿನ ವರ್ಷ ಅವನ ತಮ್ಮ ತೀರಿಕೊಂಡಿದ್ದ. ಅಂದಿನಿಂದ ಮಠದ ಮಂಗಳಾರತಿಯಲ್ಲಿ ಅವನು ಗಂಟೆ ಬಾರಿಸುತ್ತಿದ್ದ, ಹಾಡುತ್ತಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದ್ದರು, ಯಾರೂ ಕೇಳಿರಲಿಲ್ಲ. ನಮ್ಮ ಗುರುಗಳೂ ಕೇಳಿರಲಿಲ್ಲ. ಅವನೇ ಬಾಯಿಬಿಡಲಿ ಎಂದು ಕಾದಿದ್ದರೋ ಏನೋ. ಕೈಯಲ್ಲಿದ್ದ ಬಿಲ್ವದ ಬುಟ್ಟಿಯನ್ನು ಪಕ್ಕಕ್ಕಿಟ್ಟು, "ಕೂತುಕೊ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹೂ ಕಟ್ಟಿ ಬದುಕುವ ಒಬ್ಬ ತಾಯಿ ಇದ್ದಳು. ಗಂಡ ಇರಲಿಲ್ಲ. ಒಬ್ಬನೇ ಮಗ.

ಮಗ ಎಳೆಯವನಾಗಿದ್ದಾಗ ಒಂದು ಸಂಜೆ ತಾಯಿ ಒಳಗಿನಿಂದ, "ದೇವರ ದೀಪ ದೊಡ್ಡದು ಮಾಡೋ" ಎಂದು ಕೂಗಿದಳು. ದೀಪವನ್ನು ಆರಿಸು ಎಂದು ನಮ್ಮ ಮನೆಗಳಲ್ಲಿ ಹೇಳುವುದಿಲ್ಲ. ಅದು ಅಶುಭದ ಮಾತು. ದೊಡ್ಡದು ಮಾಡು ಎಂದರೆ ಶಾಂತ ಮಾಡು ಎಂದೇ ಅರ್ಥ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನು ಎಣ್ಣೆ ಸುರಿದ. ಬತ್ತಿ ಸೇರಿಸಿದ. ಉರಿ ದೇವರ ಪಟದವರೆಗೆ ಎದ್ದಿತು.

ತಾಯಿ ಓಡಿಬಂದು, "ಮನೆ ಸುಡ್ತೀಯೇನೋ ಮಹರಾಯ?" ಎಂದಳು.

"ನೀನೇ ದೊಡ್ಡದು ಮಾಡು ಅಂದೆಯಲ್ಲಮ್ಮ!" ಎಂದ ಮಗ.

ಅಂದಿನಿಂದ ಅದು ತಾಯಿ ಮಗನ ನಡುವಿನ ನಗೆಮಾತಾಯಿತು.

ದೇವರ ದಯೆ, ಹುಡುಗ ಚೆನ್ನಾಗಿ ಓದಿದ. ವಾಯುಪಡೆ ಸೇರಿದ. ಹೆಲಿಕಾಪ್ಟರ್ ನಡೆಸುವವನಾದ. ತಾಯಿ ಪ್ರತಿದಿನ ಬೆಳಿಗ್ಗೆ ಮಿಂದು ದೀಪ ಹಚ್ಚುವಳು. ಮಗ ಎಲ್ಲಿದ್ದರೂ ಹಾರಾಟ ಮುಗಿದ ಮೇಲೆ ಫೋನು ಮಾಡುವನು. ಎಲ್ಲಿ ಹೋಗಿದ್ದೆ, ಏನು ಮಾಡಿದೆ ಎಂದು ಹೇಳುವಂತಿರಲಿಲ್ಲ. ಹೇಳುವ ಸ್ವಭಾವವೂ ಅವನದಲ್ಲ. "ಇಳಿದೆ. ದೀಪ ದೊಡ್ಡದು ಮಾಡಮ್ಮ" ಎನ್ನುವನು. "ಎಣ್ಣೆ ಹಾಕಲೇನೋ?" ಎನ್ನುವಳು ತಾಯಿ. ಇಬ್ಬರೂ ನಗುವರು. ಆಗಲೇ ಅವಳು ಬತ್ತಿಯನ್ನು ಎಣ್ಣೆಯೊಳಕ್ಕೆ ಎಳೆದು ಶಾಂತ ಮಾಡುವಳು.

ಒಂದು ದಿನ ಫೋನು ಬರಲಿಲ್ಲ.

ದೂರದ ಬೆಟ್ಟಗಳಲ್ಲಿ ಮಂಜು ಕವಿದಿತ್ತು. ಮಗನನ್ನು ಧ್ವಜ ಹೊದಿಸಿ ಊರಿಗೆ ತಂದರು. ತಾಯಿ ನೋಡಿದಳು. ಅತ್ತಳು. ಆಗಬೇಕಾದ ಕರ್ಮಗಳೆಲ್ಲ ಆದವು. ಬಂದವರೆಲ್ಲ ಹೋದರು. ದೀಪವೊಂದು ಉಳಿಯಿತು. ಅದನ್ನು ಅವಳು ದೊಡ್ಡದು ಮಾಡಲಿಲ್ಲ.

"ಅವನು ಇನ್ನೂ ಹೇಳಿಲ್ಲವಲ್ಲ" ಎಂದಳು.

ಅಂದಿನಿಂದ ಅವಳು ದೀಪದ ಆಳಾದಳು. ಗಾಳಿ ಬಂದೀತೆಂದು ಕಿಟಕಿ ತೆರೆಯಲಿಲ್ಲ. ಎಣ್ಣೆ ತೀರೀತೆಂದು ಗುಡಿಗೆ ಹೋಗಲಿಲ್ಲ. ನೆಂಟರ ಮದುವೆಗೂ ಹೋಗಲಿಲ್ಲ. ಹೂವನ್ನು ದೀಪದ ಮುಂದೆಯೇ ಕುಳಿತು ಕಟ್ಟಿದಳು. ಅರೆನಿದ್ದೆಯಲ್ಲಿ ಬೆಚ್ಚಿ ಎದ್ದು ಬತ್ತಿ ನೋಡಿದಳು. ಅವಳು ಬತ್ತಿಗಿಂತ ಸಣ್ಣಗಾದಳು.

ನೆರೆಮನೆಯಾಕೆ ಎಣ್ಣೆ ತಂದುಕೊಡುತ್ತ ಬೈಯುವಳು: "ಅದಕ್ಕೆ ಸುರಿದ ಹಾಗೆ ನಿನ್ನ ಹೊಟ್ಟೆಗೂ ಒಂದಿಷ್ಟು ಸುರಿದುಕೊಳ್ಳೇ. ನೀನು ಹೋದರೆ ಅದಕ್ಕೆ ಎಣ್ಣೆ ಹಾಕೋರು ಯಾರು?"

ತಾಯಿ ಆ ಎಣ್ಣೆಯನ್ನೂ ದೀಪಕ್ಕೇ ಸುರಿಯುವಳು. ದೀಪದ ಹಿಂದೆ ದೇವರಿದ್ದ. ಅವನ ಕಡೆಗೆ ಅವಳು ನೋಡುತ್ತಲೂ ಇರಲಿಲ್ಲ. ಕೇಳುವುದಕ್ಕೆ ಏನೂ ಉಳಿದಿಲ್ಲ, ಕೊಟ್ಟದ್ದನ್ನು ಅವನೇ ತೆಗೆದುಕೊಂಡ, ಇನ್ನು ಮಾತೇನು ಎಂಬುದು ಅವಳ ಮನಸ್ಸು.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಒಬ್ಬ ಮುದುಕಿ, ಅವಳ ಸೊಸೆ, ಸೊಸೆಯ ಕೈ ಹಿಡಿದು ನಿಂತ ಪುಟ್ಟ ಹೆಣ್ಣುಮಗು. ದೂರದ ಹೊಳೆಸಾಲಿನ ಊರಿನವರು. ರೊಟ್ಟಿಯ ಗಂಟು ತಂದಿದ್ದರು. ತಾಯಿ ಅವರನ್ನು ಒಳಕ್ಕೆ ಕರೆದು ಬೇಗ ಬಾಗಿಲು ಹಾಕಿದಳು.

ಸೊಸೆ ಹೇಳಿದಳು: "ಹೊಳಿ ಬಂದಾಗ ನಮ್ಮ ಊರೆಲ್ಲ ನೀರಾಗಿತ್ತ್ರಿ. ನಾವು ದಿಬ್ಬದ ಮ್ಯಾಲೆ ಕುಂತಿದ್ವಿ. ನಾ ಆಗ ದಿನ ತುಂಬಿದಾಕಿ. ನಿಮ್ಮ ಮಗ ಹೆಲಿಕಾಪ್ಟರ್ ತಂದು ಇಳಿಸಿದ್ರು. ಆದ್ರ ನಮ್ಮತ್ತಿ ಹತ್ತವಲ್ರು. ಕೋಳಿ ಬಿಟ್ಟು ಬರಂಗಿಲ್ಲ ಅಂತ ಹಟ ಹಿಡಿದ್ರು. ಅತ್ತಿ ಬರದ ನಾ ಹ್ಯಾಂಗ ಹೋಗ್ಲಿ?"

"ಸಾಯೂ ಹೊತ್ತಿನ್ಯಾಗ ಕೋಳಿ ಬೇಕೇನ ಅಂತ ಎಲ್ಲಾರೂ ಬೈದ್ರವ್ವಾ" ಎಂದಳು ಮುದುಕಿ. "ನಿನ್ನ ಮಗ ಒಬ್ಬ ಬೈಲಿಲ್ಲ. ಒಳಗಿಂದ ತಿರುಗಿ ನೋಡಿ ಕೂಗಿದ: 'ಅಜ್ಜೀ, ಕೋಳಿನೂ ಹತ್ತಿಸಿ! ಅದೂ ನಮ್ಮ ಪೈಕಿನೇ, ರೆಕ್ಕೆ ಇದೆಯಲ್ಲ!' ಕೆಳಗ ಇಳಿಸಿದ ಮ್ಯಾಲೆ ತಲಿಮ್ಯಾಗಿನ ಟೊಪ್ಪಿಗಿ ತೆಗೆದು ನನ್ನ ಹತ್ರ ಬಂದ. 'ಕೋಳಿ ಹೆದರ್ತೇನಜ್ಜಿ?' ಅಂತ ಕೇಳಿದ. ಆ ಮುಖ ಮರಿಯೂ ಹಂಗಿಲ್ಲ. ಅದಕ್ಕ ಅವ ಹೋದ ಸುದ್ದಿ, ಊರ ಹೆಸರು, ಫೋಟೋ ಪೇಪರಿನ್ಯಾಗ ಬಂದ ದಿನ ನಾನ ಗುರ್ತು ಹಿಡಿದೆ."

ಮುದುಕಿ ಕಣ್ಣೊರೆಸಿಕೊಂಡಳು. ಆಮೇಲೆ ತಡೆಯಲಾರದೆ ಹೇಳಿದಳು: "ಆ ಕೋಳಿ ಇನ್ನೂ ಐತಿ ನೋಡು. ವಿಮಾನ ಹತ್ತಿದ ಕೋಳಿನ್ನ ಹ್ಯಾಂಗ ಕೊಯ್ಯೂದು? ಭಾಳ ಸೊಕ್ಕು ಬಂದೈತಿ ಅದಕ್ಕ."

ತಾಯಿಯ ತುಟಿ ಅಲುಗಿತು. ಅವಳಿಗೆ ಆ ದಿನ ನೆನಪಿತ್ತು. ಹೊಳೆ ಉಕ್ಕಿದ ಸುದ್ದಿ ಎಲ್ಲ ಕಡೆ ಇತ್ತು. ಸಂಜೆ ಮಗ ಫೋನು ಮಾಡಿ, "ಇಳಿದೆ" ಎಂದಿದ್ದ. ಅಷ್ಟೇ ಎಂದಿದ್ದ. ಎಲ್ಲೆಲ್ಲಿ ಇಳಿದಿದ್ದ ಎಂಬುದು ಅವಳಿಗೆ ಈಗ ತಿಳಿಯಿತು.

"ಮಗು ಆಮೇಲೆ ಹುಟ್ಟಿದ್ದಾ?" ಎಂದು ಕೇಳಿದಳು.

"ಮರುದಿನಾನ ಹುಟ್ಟಿತ್ರಿ. ಅವ್ರಿಗೆ ಅದು ಗೊತ್ತಾಗಲಿಲ್ಲ. ಮಗೀಗೆ ಕಾಲು ಬರಲಿ, ಆ ತಾಯಿ ಮನಿಯೊಳಗ ನಡೆದಾಡಿ ಬರಲಿ ಅಂತ ಕಾದ್ವಿ."

ಮಾತಿನ ನಡುವೆ ಯಾರೂ ಮಗುವನ್ನು ನೋಡಲಿಲ್ಲ. ಮಗು ನಡೆದಾಡುತ್ತ ದೇವರ ಮುಂದೆ ಹೋಗಿ ನಿಂತಿತ್ತು. ಸ್ವಲ್ಪ ದಿನದ ಹಿಂದೆ ಅದರ ಹುಟ್ಟುಹಬ್ಬ ಆಗಿತ್ತು. ಈಗ ಹಳ್ಳಿಯಲ್ಲೂ ಕೇಕು ತರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಮಗು ಉರಿಯನ್ನು ನೋಡಿತು. ತನಗೆ ಕಲಿಸಿದ್ದನ್ನು ಮಾಡಿತು. ಕೆನ್ನೆಯುಬ್ಬಿಸಿ ಊದಿತು. ದೀಪ ಹೋಯಿತು. ಮಗು ಸಂತೋಷದಿಂದ ಚಪ್ಪಾಳೆ ತಟ್ಟಿತು.

ಮುದುಕಿ ಎದೆಗೆ ಕೈಯಿಟ್ಟು, "ಅಯ್ಯೋ ಶಿವನ, ಬಾಯಿಲೆ ಊದಿತಲ್ಲೋ!" ಎಂದಳು. ಸೊಸೆ ಹೊಡೆಯಲು ಕೈಯೆತ್ತಿದಳು. ತಾಯಿ ಹೊಗೆಯನ್ನು ನೋಡುತ್ತ ನಿಂತಿದ್ದಳು. ಹೊಗೆ ಮೇಲೇರಿತು, ಕರಗಿತು. ಆಗ ಅದರ ಹಿಂದೆ ದೇವರ ಮುಖ ಕಂಡಿತು. ಬಹಳ ದಿನದ ಮೇಲೆ ಕಂಡಿತು.

ಅವಳು ಸೊಸೆಯ ಎತ್ತಿದ ಕೈಯನ್ನು ಹಿಡಿದಳು.

"ಹೊಡೀಬೇಡಮ್ಮ" ಎಂದಳು. "ಇಳಿದನಂತೆ. ತಡವಾಯಿತು, ಆದರೂ ಹೇಳಿ ಕಳಿಸಿದ್ದಾನೆ."

ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡೇ ದೇವರಿಗೆ ಒಂದು ಕೈಯಲ್ಲಿ ನಮಸ್ಕರಿಸಿದಳು. ಮತ್ತೊಂದು ಕೈಯಲ್ಲಿ ಮಗುವಿತ್ತಲ್ಲ, ದೇವರು ಒಪ್ಪಿಕೊಂಡಿರಬೇಕು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದಳು. ಒಲೆ ಹೊತ್ತಿಸಿ ಬಂದವರಿಗೆ ಅಡುಗೆ ಮಾಡಿದಳು. ಅವರು ತಂದ ರೊಟ್ಟಿಯನ್ನು ಅವರ ಜೊತೆ ಕೂತು ತಿಂದಳು. "ಕೋಳಿ ಬಗ್ಗೆ ಏನು ಹೇಳಿದ ಅಂದಿರಿ? ಇನ್ನೊಂದು ಸಲ ಹೇಳಿ" ಎಂದಳು. ಮುದುಕಿ ಮತ್ತೆ ಹೇಳಿದಳು. ತಾಯಿ ನಕ್ಕಳು. ನೆರೆಮನೆಯಾಕೆ ಆ ನಗು ಕೇಳಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದಳು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ದ ಕೇಳಿದ: "ಆಮೇಲೆ ಆ ತಾಯಿ ದೀಪ ಹಚ್ಚುವುದನ್ನೇ ಬಿಟ್ಟಳೆ, ಬುದ್ಧಿ?"

"ಬಿಟ್ಟಾಳೆಯೆ? ಎಲ್ಲರ ಹಾಗೆ ಹಚ್ಚುತ್ತಾಳೆ. ಎಲ್ಲರ ಹಾಗೆ ದೊಡ್ಡದು ಮಾಡಿ ಮಲಗುತ್ತಾಳೆ."

"ಮತ್ತೆ ಬದಲಾದದ್ದೇನು?"

ಮಂಗಳಾರತಿಯ ಹೊತ್ತಾಗಿತ್ತು. ಗುರುಗಳು ಎದ್ದು ಬೆಂಕಿಪೊಟ್ಟಣವನ್ನು ಅವನ ಕೈಗೆ ಕೊಟ್ಟು ಹೇಳಿದರು:

"ಬರಲಿ ಎಂದು ಹಚ್ಚುತ್ತಿದ್ದವಳು, ಈಗ ಅಷ್ಟು ದಿನವಾದರೂ ಬಂದಿದ್ದನಲ್ಲ ಎಂದು ಹಚ್ಚುತ್ತಾಳೆ."