ಮಾಲಿಯ ಮನೆಗೆ ಗುರಿ ಇಟ್ಟ ವ್ಯಾಪಾರಿ

“ತಾತ, ನನ್ನ ಚೆಂಡು ಯಾಕೆ ಯಾವಾಗಲೂ ಬಲಕ್ಕೇ ಹೋಗುತ್ತದೆ?”

ಕೇಳಿದವರು ಹಲ್ಲಿನ ಡಾಕ್ಟರು ಪೂವಮ್ಮ. ನಮ್ಮ ಗಾಲ್ಫ್ ಮೈದಾನದಲ್ಲಿ ಒಂಬತ್ತನೆಯ ಕುಳಿಗೆ ಚೆಂಡು ಹೊಡೆಯುವ ದಿಣ್ಣೆಯ ಮೇಲೆ ಕೋಲು ಹಿಡಿದು ನಿಂತಿದ್ದರು. ನಾನು ಇಲ್ಲಿ ಐವತ್ತು ವರ್ಷ ಕ್ಯಾಡಿಯಾಗಿ ಆಡುವವರ ಚೀಲ ಹೊತ್ತವನು. ಈಗ ಹೊರುವುದಿಲ್ಲ, ಹೇಳಿಕೊಡುತ್ತೇನೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಶಾಲೆ ಮುಗಿಸಿದವರೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತಾರೆ.

“ನನ್ನ ಚೆಂಡು ಬಲಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ,” ಎಂದೆ. “ಅದೂ ನನ್ನ ತಪ್ಪಲ್ಲ. ಅರ್ಧ ದಾರಿಯಲ್ಲಿ ಒಂದು ಹದ್ದು ಅದನ್ನು ಮೊಟ್ಟೆ ಎಂದು ತಿಳಿದು ಕಚ್ಚಿಕೊಂಡು ಹೋಯಿತು. ನೋಡಿದವರು ನಾಲ್ಕು ಜನ. ನಾಲ್ವರೂ ತೀರಿಕೊಂಡರು.”

“ಹದ್ದು?”

“ಅದೂ.”

ಬೇರೆ ದಿನವಾಗಿದ್ದರೆ ಡಾಕ್ಟರಮ್ಮ ನಗುತ್ತಿದ್ದರು. ಅಂದು ನಗಲಿಲ್ಲ. ಹೋದ ಶನಿವಾರ ಅವರ ಚೆಂಡು ಬಲಕ್ಕೆ ಬಾಗಿ ಮಾಲಿಯ ಮನೆಯ ಹಿತ್ತಲಿಗೆ ಬಿದ್ದಿತ್ತು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಕಿವಿಯಿಂದ ಒಂದು ಗೇಣು ದೂರ. ಅಂದಿನಿಂದ ಅವರು ಆ ಮನೆಗೆ ಬೆನ್ನು ಕೊಟ್ಟಂತೆ ಎಡಕ್ಕೆ ತಿರುಗಿ ನಿಂತು ಹೊಡೆಯುತ್ತಿದ್ದರು. ಎಡಕ್ಕೆ ತಿರುಗಿದಷ್ಟೂ ಚೆಂಡು ಬಲಕ್ಕೆ ಬಾಗುತ್ತಿತ್ತು.

“ಇನ್ನೊಂದು ಚೆಂಡು ಅಲ್ಲಿಗೆ ಬಿದ್ದರೆ ನಾನು ಈ ಕೋಲನ್ನು ಮುಟ್ಟುವುದಿಲ್ಲ ತಾತ. ಹಲ್ಲು ಕೀಳುವ ಕೈ ಇದು. ತಲೆ ಒಡೆಯುವ ಕೈಯಲ್ಲ.”

“ಕುಳಿತುಕೊಳ್ಳಿ ತಾಯಿ,” ಎಂದೆ. “ಇದೇ ಜಾಗದಲ್ಲಿ ನಡೆದದ್ದು ಹೇಳುತ್ತೇನೆ.”

ಒಬ್ಬ ವ್ಯಾಪಾರಿ ಇದ್ದ. ವಾರವೆಲ್ಲ ಕಾಫಿ ಬೀಜ ಮಾರುತ್ತಿದ್ದ, ಭಾನುವಾರ ಗಾಲ್ಫ್ ಆಡುತ್ತಿದ್ದ. ಅವನ ಚೀಲ ಹೊರುತ್ತಿದ್ದವನು ನಾನು. ಅವನ ತೋಳಿನಲ್ಲಿ ಎಂಥ ಬಲವಿತ್ತೆಂದರೆ, ಅವನು ಕೋಲು ಬೀಸಿದ ಗಾಳಿಗೆ ನನ್ನ ತಲೆಯ ರುಮಾಲು ಎರಡು ಸಲ ಹಾರಿಹೋಗಿದೆ. ಆದರೆ ಚೆಂಡು ಮಾತ್ರ ಹೊರಟ ದಾರಿ ಬಿಟ್ಟು ಬಲಕ್ಕೆ ಬಾಗುತ್ತಿತ್ತು. ಬಲಕ್ಕೆ ಇದ್ದದ್ದು ಇದೇ ಮನೆ. ಆಗ ಹೆಂಚಿನ ಮನೆ. ಅದರಲ್ಲಿ ಹುಲ್ಲು ಕತ್ತರಿಸುವ ಒಬ್ಬ ಮಾಲಿ ಇದ್ದ.

ಮಾಲಿಯ ಹೆಂಡತಿ ಹೆತ್ತು ಹದಿನಾರು ದಿನವಾಗಿತ್ತು. ಮಗುವನ್ನು ತೊಟ್ಟಿಲಿಗೆ ಹಾಕಿ ಐದು ದಿನ. ತಿಂಗಳು ತುಂಬುವವರೆಗೆ ಬಾಣಂತಿಯನ್ನೂ ಮಗುವನ್ನೂ ಹೆರಿಗೆಯ ಕೋಣೆಯಿಂದ ಕದಲಿಸಬಾರದು ಎಂಬುದು ಅವರ ಮನೆಯ ಪದ್ಧತಿ. ಮನೆಗೇ ಬೆಂಕಿ ಬಿದ್ದರೂ ಮಾಲಿಯ ತಾಯಿ ಒಪ್ಪುವವಳಲ್ಲ.

ಅಂದು ಗೆದ್ದವರಿಗೆ ಕೊಡುವ ಕಪ್ಪಿನ ಕೊನೆಯ ಪಂದ್ಯ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಬೆಳಿಗ್ಗೆ ವ್ಯಾಪಾರಿ ಇಲ್ಲಿ ನಿಂತು, ಮನೆಗೆ ಹೆದರಿ, ಎಡಗಡೆಯ ನೇರಳೆ ಮರಕ್ಕೆ ಗುರಿ ಇಟ್ಟು ಹೊಡೆದ. ಚೆಂಡು ನೇರಳೆ ಮರದ ಕಡೆಗೇ ಹೊರಟಿತು. ಆಮೇಲೆ ಬಾಗಿತು. ಬಾಗುತ್ತಲೇ ಹೋಯಿತು. ಹೆಂಚು ಒಡೆದ ಸದ್ದು ಇಲ್ಲಿಗೆ ಕೇಳಿಸಿತು. ಅದರ ಹಿಂದೆಯೇ ಒಬ್ಬ ಹೆಂಗಸಿನ ಕೂಗು.

ಮಧ್ಯಾಹ್ನ ವ್ಯಾಪಾರಿ ಮತ್ತೆ ಈ ದಿಣ್ಣೆಗೆ ಬಂದಾಗ ಮಾಲಿ ಇಲ್ಲಿ ಕಾದಿದ್ದ. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಹೆಂಚಿನ ಚೂರು.

“ಇದು ತೊಟ್ಟಿಲಿನಲ್ಲಿ ಸಿಕ್ಕಿತು ಬುದ್ಧಿ. ಮಗು ಆಗ ಹಾಲು ಕುಡಿಯುತ್ತಿತ್ತು. ತೊಟ್ಟಿಲಿನಲ್ಲಿ ಇರಲಿಲ್ಲ.”

ವ್ಯಾಪಾರಿಯ ಮುಖ ಬಿಳಿಚಿಕೊಂಡಿತು. “ತಪ್ಪಾಯಿತು. ಈಗ ಇನ್ನೂ ಎಡಕ್ಕೆ ತಿರುಗಿ ಹೊಡೆಯುತ್ತೇನೆ. ಬೇಡವೆಂದರೆ ಆಟವನ್ನೇ ಬಿಟ್ಟು ಹೋಗುತ್ತೇನೆ.”

“ಇವತ್ತು ಬಿಡುತ್ತೀರಿ, ಬರುವ ಭಾನುವಾರ ಬರುತ್ತೀರಿ. ಬಾಣಂತಿ ಆಗಲೂ ಅದೇ ಕೋಣೆಯಲ್ಲಿ ಇರುತ್ತಾಳೆ. ಎಡಕ್ಕೆ ಮಾತ್ರ ತಿರುಗಬೇಡಿ, ಕೈ ಮುಗಿಯುತ್ತೇನೆ. ನನ್ನ ಮನೆಗೇ ಗುರಿ ಇಡಿ.”

ಎದುರಾಳಿ ನಕ್ಕ. ನೋಡಲು ಬಂದವರು ನಕ್ಕರು. ವ್ಯಾಪಾರಿ ನಗಲಿಲ್ಲ. “ಹಸುಗೂಸು ಮಲಗಿರುವ ಮನೆಗೆ ಗುರಿ ಇಡಲೇ? ನಿನಗೆ ತಲೆ ಕೆಟ್ಟಿದೆಯೇ?”

“ಎಂಟು ವರ್ಷದಿಂದ ಆ ಮನೆಯ ಹೆಂಚು ಬದಲಿಸುತ್ತಿದ್ದೇನೆ ಬುದ್ಧಿ. ಅಲ್ಲಿ ಮನೆ ಇದೆ ಎಂದು ಗೊತ್ತಿಲ್ಲದವರ ಚೆಂಡು ಒಂದೂ ಬಿದ್ದಿಲ್ಲ. ಬಿದ್ದದ್ದೆಲ್ಲ ನನ್ನ ಮನೆಗೆ ಹೆದರಿದವರದ್ದು. ಹೆದರಿ ಎಡಕ್ಕೆ ತಿರುಗುತ್ತೀರಿ. ತಿರುಗಿದರೆ ಕೈ ಕೋಲನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತದೆ, ಬುಗುರಿಯ ದಾರ ಎಳೆದ ಹಾಗೆ. ಚೆಂಡು ಬುಗುರಿಯಾಗಿ ಸುತ್ತುತ್ತಾ ನಮ್ಮ ಮನೆಗೆ ಬರುತ್ತದೆ. ಮನೆಯ ಕಡೆ ನೋಡಿ ನಿಲ್ಲಿ. ಬೀಜ ಎರಚುವಾಗ ಕೈ ಹೇಗೆ ಮೈಯ ಹತ್ತಿರದಿಂದ ಹೊರಕ್ಕೆ ಹೋಗುತ್ತದೆಯೋ ಹಾಗೆ ಬೀಸಿ. ಎಡಗೈಯನ್ನು ಕೋಲಿನ ಮೇಲೆ ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಯಿರಿ. ಬುಗುರಿ ತಿರುವುಮುರುವಾಗಿ ಸುತ್ತಿ ಚೆಂಡು ಎಡಕ್ಕೆ ಬಾಗುತ್ತದೆ. ಅಷ್ಟೇ.”

“ಒಂದು ವೇಳೆ ತಪ್ಪಿದರೆ?”

ಮಾಲಿ ದಿಣ್ಣೆಯಿಂದ ಇಳಿದು ಹೋದ. ಏಣಿ ಇಟ್ಟು ತನ್ನ ಮನೆಯ ಮಾಡಿಗೆ ಹತ್ತಿದ. ಬೆಳಿಗ್ಗೆ ಒಡೆದ ಹೆಂಚಿನ ಕಿಂಡಿಯ ಮೇಲೆ, ತೊಟ್ಟಿಲಿಗೆ ನೇರವಾಗಿ, ಕಾಲು ಮಡಚಿ ಕುಳಿತ. ಬಂದರೆ ನನಗೆ ಬರಲಿ ಎಂದು.

ಈಗ ಯಾರೂ ನಗಲಿಲ್ಲ.

ವ್ಯಾಪಾರಿ ಚೆಂಡಿನ ಮುಂದೆ ನಿಂತ. ಮನೆಯ ಕಡೆ ಪಾದ ಇಟ್ಟ. ಕೋಲು ಎತ್ತುವ ಹೊತ್ತಿಗೆ ಪಾದ ತಾನಾಗಿ ಎಡಕ್ಕೆ ಜಾರಿತ್ತು. ಕೋಲು ಇಳಿಸಿದ. ಪಾದ ಸರಿ ಮಾಡಿದ. ಎತ್ತಿದ. ಪಾದ ಮತ್ತೆ ಜಾರಿತು. ಹೀಗೆ ಮೂರು ಸಲ. ಅವನ ಬೆನ್ನಿನ ಬೆವರು ಅಂಗಿ ದಾಟಿ ಸೊಂಟದ ಪಟ್ಟಿಗೆ ಇಳಿಯುತ್ತಿತ್ತು.

“ಯಜಮಾನರೇ, ಕಪ್ಪು ನಿಮ್ಮದು ಎಂದು ಬರೆದುಕೊಡುತ್ತೇನೆ, ಹೊಡೆಯಬೇಡಿ,” ಎಂದ ಎದುರಾಳಿ.

ವ್ಯಾಪಾರಿ ನನ್ನ ಕಡೆ ತಿರುಗಿದ. “ನೀನು ಏನು ಹೇಳುತ್ತೀಯ?”

ದೊಡ್ಡ ದೊಡ್ಡವರೆಲ್ಲ ನನ್ನ ಮಾತಿಗೆ ಕಾಯುತ್ತಿದ್ದರು ತಾಯಿ, ಸುಳ್ಳಲ್ಲ. ಆದರೆ ಅಂದು ಅದು ಮಾತಿನಿಂದ ಆಗುವ ಕೆಲಸವಾಗಿರಲಿಲ್ಲ. ಬಗ್ಗಿ ಅವನ ಎರಡು ಪಾದಗಳನ್ನು ನನ್ನ ಎರಡು ಕೈಯಿಂದ ಹಿಡಿದು ಆ ಮನೆಯ ಕಡೆ ಇಟ್ಟೆ. ಬಿಡಲಿಲ್ಲ. ಹಿಡಿದೇ ಕುಳಿತೆ.

ಅವನು ಹೊಡೆದ.

ಚೆಂಡು ನೇರವಾಗಿ ಮನೆಯ ಕಡೆಗೆ ಹೊರಟಿತು. ಯಾರೋ ರಾಮ ರಾಮ ಎಂದರು. ಮಾಲಿ ಎರಡೂ ತೋಳು ಅಗಲಿಸಿದ. ಚೆಂಡು ಅವನ ಎದೆಗೇ ಗುರಿ ಹಿಡಿದಂತೆ ಹೋಗುತ್ತಿತ್ತು. ಇನ್ನು ಮೂವತ್ತು ಮಾರು. ಇಪ್ಪತ್ತು. ಮಾಲಿ ಕದಲಲಿಲ್ಲ. ಅವನ ಕಣ್ಣು ಒಂದು ಸಲವೂ ಮಿಟುಕಲಿಲ್ಲ. ನಾನು ಇಲ್ಲಿಂದಲೇ ನೋಡಿದೆ.

ಆಗ ಚೆಂಡು ಎಡಕ್ಕೆ ಬಾಗಿತು. ಗದ್ದೆಯ ಬದು ತಿರುಗುವ ಎತ್ತಿನಂತೆ ನಿಧಾನವಾಗಿ ಬಾಗಿ, ಹುಲ್ಲಿನ ನಟ್ಟನಡುವೆ ಬಿತ್ತು.

ವ್ಯಾಪಾರಿ ಚೆಂಡಿನ ಹತ್ತಿರ ಹೋಗಲಿಲ್ಲ. ಕೋಲನ್ನು ಇಲ್ಲೇ ಬಿಟ್ಟು ಮಾಲಿಯ ಮನೆಯ ಕಡೆ ಓಡಿದ. ಏಣಿಯನ್ನು ತಾನೇ ಹಿಡಿದು ಅವನನ್ನು ಇಳಿಸಿಕೊಂಡ. ಮಗುವನ್ನು ನೋಡಬಹುದೇ ಎಂದು ಹೊಸಿಲಿನ ಹೊರಗೆ ನಿಂತು ಕೇಳಿದ. ಮುದುಕಿ ಒಳಗಿನಿಂದಲೇ, “ತಿಂಗಳು ತುಂಬಲಿ,” ಎಂದಳು.

ಕತೆ ಮುಗಿಸಿ ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ಡಾಕ್ಟರಮ್ಮ ಕೋಲು ಊರಿಕೊಂಡು ಎದ್ದು ನಿಂತರು. ಬಲಗಡೆಗೆ ನೋಡಿದರು. ಕಣ್ಣಿಗೆ ಕೈ ಅಡ್ಡ ಹಿಡಿದು ಮತ್ತೆ ನೋಡಿದರು. ತುದಿಗಾಲಿನಲ್ಲಿ ನಿಂತರು.

“ತಾತ.”

“ಹೇಳಿ ತಾಯಿ.”

“ಇಲ್ಲಿಂದ ಆ ಮನೆ ಕಾಣುವುದೇ ಇಲ್ಲವಲ್ಲ. ನಡುವೆ ಬಂಡೆ ಇದೆ. ಆನೆಯ ಎತ್ತರದ ಬಂಡೆ. ಮಾಡೂ ಕಾಣುವುದಿಲ್ಲ, ಹೊಗೆಗೂಡೂ ಕಾಣುವುದಿಲ್ಲ.”

“ಹೌದೇ?”

“ಬಂಡೆ ಆಮೇಲೆ ಬೆಳೆಯಿತು ಎನ್ನಬೇಡಿ. ಮಾಲಿ ಕಣ್ಣು ಮಿಟುಕಲಿಲ್ಲ ಎಂದು ನಿಮಗೆ ಹೇಗೆ ಗೊತ್ತು? ವ್ಯಾಪಾರಿ ಅವನ ಕಡೆ ನೋಡಿ ಹೊಡೆದದ್ದಾದರೂ ಹೇಗೆ? ಇಲ್ಲಿ ನಿಂತವರಿಗೆ ಆ ಕಡೆ ಏನೂ ಕಾಣುವುದಿಲ್ಲ!”

ಹೆಗಲ ಮೇಲಿನ ಟವೆಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡೆ.

“ಕಾಣುವುದಿಲ್ಲವೇ? ಹಾಗಾದರೆ ನೀವು ಇಷ್ಟು ದಿನ ಏನನ್ನು ಕಂಡು ಎಡಕ್ಕೆ ತಿರುಗುತ್ತಿದ್ದಿರಿ, ತಾಯಿ?”

ಡಾಕ್ಟರಮ್ಮ ಚೆಂಡಿನ ಮುಂದೆ ನಿಂತು, ಎರಡೂ ಪಾದಗಳನ್ನು ಬಂಡೆಯ ಕಡೆಗೆ ಇಟ್ಟರು.