ದೂರ ಹಾರುವ ಚೆಂಡು

ಮಕ್ಕಳೇ, ಒಂದು ಕಾಡಿನ ಅಂಚಿಗೆ ಹುಲ್ಲುಗಾವಲಿತ್ತು, ಪಕ್ಕದಲ್ಲೇ ಕೆರೆ. ಅಲ್ಲಿನ ಪ್ರಾಣಿಗಳಿಗೆ ಚೆಂಡಾಟವೆಂದರೆ ಹುಚ್ಚು. ಕೋಲಿನಿಂದ ಚೆಂಡು ಹೊಡೆಯಬೇಕು, ಬಿದ್ದಲ್ಲಿಗೆ ಹೋಗಿ ಮತ್ತೆ ಹೊಡೆಯಬೇಕು, ಕಡೆಗೆ ದೂರದ ಕುಳಿಗೆ ಬೀಳಿಸಬೇಕು. ಆಟದ ತೀರ್ಪುಗಾರ ಆಮೆಯಜ್ಜ. ಅವನು ಹೇಳಿದ್ದೇ ಕಟ್ಟಳೆ. ಒಳ್ಳೆಯವನೇ, ಆದರೆ ಯಾರಿಗೂ ‘ಬೇಡ’ ಎನ್ನಲಾರದ ಮುಲಾಜಿನವನು.

ಮೊದಲೆಲ್ಲ ಚೆಂಡನ್ನು ಹುಲ್ಲು ಸುತ್ತಿ ಮಾಡುತ್ತಿದ್ದರು. ಎಷ್ಟೇ ಬಲವಾಗಿ ಹೊಡೆದರೂ ಅದು ಎಲ್ಲರ ಕಣ್ಣೆದುರೇ ಬೀಳುತ್ತಿತ್ತು. ಒಂದು ದಿನ ಕೆಂಚ ಎಂಬ ಕೋತಿ ಜಾಲಿಯ ಅಂಟಿಗೆ ಮಣ್ಣು ಕಲಸಿ ಗಟ್ಟಿ ಚೆಂಡು ಮಾಡಿ ತಂದ. ಮಣ್ಣಿನ ಬಣ್ಣ, ಮೈಯೆಲ್ಲ ಕಪ್ಪು ಚುಕ್ಕೆ. ಒಂದೇಟು ಕೊಟ್ಟ ನೋಡಿ, ಕುಳಿ ದಾಟಿ ಎಲ್ಲೋ ಹೋಯಿತು!

“ಅಬ್ಬಬ್ಬಾ!” ಎಂದು ಎಲ್ಲರೂ ಕುಣಿದರು. ಎಲ್ಲರಿಗೂ ಅಂಥದ್ದೇ ಚೆಂಡು ಬೇಕಾಯಿತು. ಕುಳಿ ತೀರ ಹತ್ತಿರವಾಯಿತೆಂದು ದೂರ ತೋಡಿದರು, ಆಮೇಲೆ ಇನ್ನೂ ದೂರ. ಆಟದ ಬಯಲು ಬೆಳೆಯುತ್ತ ಬೆಳೆಯುತ್ತ ಕಲ್ಲಿನ ದಿಬ್ಬಕ್ಕೇ ಬಂತು.

ಆ ದಿಬ್ಬದಲ್ಲಿ ಚಂದ್ರಿ ಎಂಬ ಟಿಟ್ಟಿಭ ಹಕ್ಕಿ ಇದ್ದಳು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ, ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಹೋದ ಸಲದ ಮೊಟ್ಟೆಗಳನ್ನೆಲ್ಲ ಹಾವು ನುಂಗಿತ್ತು. ಈ ಸಲ ಅವಳಿಗಿದ್ದದ್ದು ಒಂದೇ ಮೊಟ್ಟೆ. ಪಾಪ, ಅವಳು ಆಮೆಯಜ್ಜನ ಹತ್ತಿರ ಓಡಿದಳು.

“ಅಜ್ಜಾ, ಕುಳಿ ನನ್ನ ಮೊಟ್ಟೆಯ ಪಕ್ಕಕ್ಕೇ ಬಂತು. ಹುಲ್ಲಿನ ಚೆಂಡೇ ಸಾಕು ಅಂತ ಹೇಳಿಬಿಡಿ. ನಿಮ್ಮ ಮಾತು ಯಾರೂ ಮೀರಲ್ಲ.”

“ನೀನು ಹೇಳೋದು ಸರಿ ಕಣಮ್ಮ. ಆದರೆ ಕೆಂಚ ಬೇಜಾರು ಮಾಡಿಕೊಳ್ತಾನೆ. ಎಲ್ಲರೂ ಖುಷಿಯಾಗಿದ್ದಾರೆ. ಈ ಬೇಸಿಗೆ ಕಳೆಯಲಿ, ನೋಡೋಣ.”

“ಅಷ್ಟರಲ್ಲಿ ನನ್ನ ಮೊಟ್ಟೆಗೆ ಏನಾದರೂ ಆದರೆ?”

“ಏನೂ ಆಗಲ್ಲ, ಹೋಗಮ್ಮ.”

ಏನೂ ಆಗಲ್ಲವಂತೆ! ಹೇಳುವವರಿಗೇನು ಕಷ್ಟ?

ಮರುದಿನ ಸುಡುಬಿಸಿಲು. ಮೊಟ್ಟೆ ಬಿಸಿಲಿಗೆ ಕಾಯಬಾರದೆಂದು ಚಂದ್ರಿ ಹೊಟ್ಟೆಯ ಗರಿ ನೆನೆಸಿಕೊಂಡು ಬರಲು ಕೆರೆಗೆ ಹೋದಳು. ಅದೇ ಹೊತ್ತಿಗೆ ಕೆಂಚನ ಚೆಂಡು ದಿಬ್ಬದ ಕಡೆ ಹಾರಿತು. ಅಷ್ಟು ದೂರದಲ್ಲಿ ಅದು ಎಲ್ಲಿ ಬಿತ್ತೆಂದು ಯಾರಿಗೂ ಕಾಣಲಿಲ್ಲ. ಕೆಂಚ ಓಡಿಬಂದು ಹುಡುಕಿದ. ಕಲ್ಲುಗಳ ನಡುವೆ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಗಳ ಗುಂಡೊಂದು ಕಂಡಿತು.

“ಸಿಕ್ಕಿತು!” ಎಂದವನೇ ಕೋಲು ಬೀಸಿದ. ಅದು ಹಾರಲಿಲ್ಲ, ಒಡೆದುಹೋಯಿತು. ಒಳಗೆ ಇನ್ನೂ ಕಣ್ಣು ಬಿಡದ ಮರಿಯಿತ್ತು.

ಚಂದ್ರಿ ಬಂದಳು. ಒದ್ದೆ ಗರಿಯಲ್ಲೇ ಒಡೆದ ಚಿಪ್ಪಿನ ಮೇಲೆ ಕೂತಳು.

“ಅಕ್ಕಾ, ಚೆಂಡು ಅಂದುಕೊಂಡೆ! ಗೊತ್ತಾಗಲಿಲ್ಲ ಅಕ್ಕಾ!” ಎಂದು ಕೆಂಚ ಬಿಕ್ಕಿಬಿಕ್ಕಿ ಅತ್ತ. ಅವಳು ಅವನನ್ನು ಬೈಯಲೂ ಇಲ್ಲ.

ಆಮೆಯಜ್ಜ ತೆವಳಿಕೊಂಡು ಬಂದ. ಎಲ್ಲರಿಗೂ ಹೇಳಿದ: “ಇವತ್ತಿನಿಂದ ಹುಲ್ಲಿನ ಚೆಂಡು ಮಾತ್ರ. ಗಟ್ಟಿ ಚೆಂಡು ತಂದವರಿಗೆ ಆಟವಿಲ್ಲ.”

ಯಾರೂ ಎದುರಾಡಲಿಲ್ಲ. ಎಲ್ಲರಿಗಿಂತ ಮೊದಲು ಕೆಂಚನೇ ಒಪ್ಪಿಕೊಂಡ.

ಚಂದ್ರಿ ತಲೆಯೆತ್ತಿ ಕೇಳಿದಳು: “ಇಷ್ಟೇ ಮಾತನ್ನು ನಿನ್ನೆ ಹೇಳಬಹುದಿತ್ತಲ್ಲ ಅಜ್ಜಾ?”

ಆಮೆಯಜ್ಜ ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡ.

ನೀತಿ: ಮುಲಾಜಿಗೆ ಬಿದ್ದು ತಡಮಾಡಿ ತಂದ ಕಟ್ಟಳೆ ಮುಂದಿನವರನ್ನು ಕಾಯಬಹುದು, ಕಳೆದುಕೊಂಡವರಿಗೆ ಏನನ್ನೂ ತಂದುಕೊಡದು.