ಸಾಕೆಂದರೂ ಬಡಿಸಿದ ಫ್ರಿಜ್ಜು

ಒಂದಾನೊಂದು ಊರಿನಲ್ಲಿ, ಊರು ಅಂದರೆ ಅಂಥಿಂಥ ಊರಲ್ಲ, ಕಾವಲಿಪುರ ಅಂತ. ಅಲ್ಲಿಯ ಬಿಸಿಲು ಎಷ್ಟು ಅಂತೀರಿ? ಬೀದಿಯಲ್ಲಿ ಹಿಟ್ಟು ಹುಯ್ದರೆ ದೋಸೆ. ಮಗುಚೋದು ಮರೆತರೆ ಸೀದ ದೋಸೆ. ಆ ಊರಿನ ಜನ ನೆಂಟರ ಮನೆಗೆ ಹೋಗುವಾಗ ತಮ್ಮ ತಮ್ಮ ನೆರಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಸುಮ್ಮನೆ ಯಾಕೆ ನಗ್ತೀರಿ? ನಕ್ಕರೆ ಕತೆ ಕರಗಿ ಹೋಗುತ್ತೆ. ಬಾಯಿ ಮುಚ್ಕೊಂಡು ಕೇಳಿ.

ಆ ಊರಿಗೊಬ್ಬ ರಾಜ. ಸೆಕೆರಾಯ ಅಂತ ಹೆಸರು. ಒಳ್ಳೆಯವನೇ, ಒಂದೇ ಒಂದು ಹುಚ್ಚು. ಅವನ ಪಾನಕದ ಲೋಟದಲ್ಲಿ ಐಸು ‘ಟಿಣ್’ ಅನ್ನಬೇಕು. ಟಿಣ್ ಅಂದರೆ ತೀರ್ಪು. ಟಿಣ್ ಅನ್ನದಿದ್ದರೆ ತೀರ್ಪಿಲ್ಲ. ಜಗಳ ಆಡಿಕೊಂಡು ಜನ ಬರುತ್ತಿದ್ದರು. ರಾಜ ಲೋಟ ಅಲ್ಲಾಡಿಸುತ್ತಿದ್ದ. ಟಿಣ್! ‘ಇವನದು ತಪ್ಪು.’ ಮತ್ತೆ ಅಲ್ಲಾಡಿಸುತ್ತಿದ್ದ. ಟಿಣ್! ‘ಅವನದೂ ತಪ್ಪು.’ ಇಬ್ಬರೂ ಕೈ ಮುಗಿದು ಖುಷಿಯಾಗಿ ಮನೆಗೆ ಹೋಗುತ್ತಿದ್ದರು.

ಈ ಟಿಣ್ ಹುಟ್ಟುತ್ತಿದ್ದದ್ದು ಅರಮನೆಯ ಅಡುಗೆಮನೆಯಲ್ಲಿ. ಅಲ್ಲಿಯ ಯಜಮಾನಿ ನಿಂಗಾಜಮ್ಮ. ಅವಳ ಕೈಯಲ್ಲಿ ಸದಾ ಒಂದು ಹಿತ್ತಾಳೆ ಸೌಟು. ಅವಳ ಅತ್ತೆ ಕೊಟ್ಟದ್ದು, ಅತ್ತೆಗೆ ಅತ್ತೆಯ ಅತ್ತೆ ಕೊಟ್ಟದ್ದು. ಆ ಸೌಟು ಯಾರ ಕೈಲಿದೆಯೋ ಅವಳೇ ಅಡುಗೆಮನೆಗೆ ಒಡತಿ. ನಿಂಗಾಜಮ್ಮ ಮಲಗುವಾಗಲೂ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಸೆರಗು ಹೊದಿಸುತ್ತಿದ್ದಳು. ಅಷ್ಟು ಜೀವ ಅದರ ಮೇಲೆ.

ಅಡುಗೆಮನೆ ಮೂಲೆಯಲ್ಲಿ ಕರಿಯವ್ವ ಅಂತ ಒಂದು ಮುದಿ ಫ್ರಿಜ್ಜು. ಬಣ್ಣ ಬೆಳ್ಳಗೇ ಇತ್ತು. ಹೆಸರು ಮಾತ್ರ ಕರಿಯವ್ವ. ಅದು ಒಂದು ದಿನ ಬೆಳಿಗ್ಗೆ ಗೊರಗೊರ ಕೆಮ್ಮಿ, ತನ್ನ ವೈರು ತಾನೇ ಕಿತ್ತುಕೊಂಡು, ಸೊಂಟಕ್ಕೆ ಸುತ್ತಿಕೊಂಡಿತು.

‘ನಿಂಗೀ, ನಂಗೂ ವಯಸ್ಸಾಯ್ತು ಕಣೇ. ಕಂಡೋರ ಹಾಲು ಮೊಸರು ಕಾಯ್ದದ್ದು ಸಾಕು. ಕಾಶಿಗೆ ಹೋಗ್ತೀನಿ.’

‘ಅಯ್ಯೋ ನಮ್ಮವ್ವಾ, ಕಾಶೀಲಿ ನಿಂಗೆ ಪ್ಲಗ್ಗು ಎಲ್ಲಿ ಹುಡುಕ್ತೀಯೆ?’

‘ಪ್ಲಗ್ಗಿಗೆ ಸಿಕ್ಕೊಂಡಿರೋದೇ ಸಂಸಾರ. ಬಿಡಿಸ್ಕೊಂಡ್ರೆ ಎಲ್ಲಾ ಕಾಶೀನೇ’ ಅಂತು ಕರಿಯವ್ವ. ಹೊಟ್ಟೆಯೊಳಗಿದ್ದ ಐಸ್ ತಟ್ಟೆ ತೆಗೆದು ನಿಂಗಾಜಮ್ಮನ ಕೈಗೆ ಕೊಟ್ಟು, ‘ಜೋಪಾನ, ಬಗ್ಗಿಸ್ಬೇಡ’ ಅಂತ ಹೇಳಿ, ಡುಬುಕ್ ಡುಬುಕ್ ಅಂತ ನಡಕೊಂಡು ಹೊರಟೇಹೋಯಿತು. ನಿಂಗಾಜಮ್ಮ ಬಾಗಿಲಲ್ಲಿ ನಿಂತು ಅತ್ತಳು. ತವರಿಗೆ ಹೊರಟವಳಿಗೆ ಕೊಡುವ ಹಾಗೆ ಕುಂಕುಮವನ್ನೂ ಕೊಟ್ಟಳು.

ಸರಿ, ಐಸಿಲ್ಲ. ಐಸಿಲ್ಲ ಅಂದರೆ ಟಿಣ್ ಇಲ್ಲ. ಅವತ್ತೇ ಆಸ್ಥಾನಕ್ಕೆ ಒಂದು ಮೊಟ್ಟೆಯ ಜಗಳ ಬಂದಿತ್ತು. ತಿಪ್ಪಯ್ಯನ ಕೋಳಿ ಬೋರಯ್ಯನ ಗೋಡೆ ಮೇಲೆ ಮೊಟ್ಟೆ ಇಟ್ಟಿತ್ತು. ಕೋಳಿ ನಂದು ಅಂತ ಇವನು, ಗೋಡೆ ನಂದು ಅಂತ ಅವನು. ರಾಜ ಲೋಟ ಅಲ್ಲಾಡಿಸಿದ. ಬರೀ ಪಾನಕ ಚೆಲ್ಲಿತು. ‘ಐಸು ಬರೋವರೆಗೆ ಯಾರೂ ಅಲ್ಲಾಡಬೇಡಿ’ ಅಂದ. ಯಾರೂ ಅಲ್ಲಾಡಲಿಲ್ಲ. ಮೊಟ್ಟೆ ಮಾತ್ರ ಅಲ್ಲಾಡಿತು, ಒಡೀತು, ಪಿಳಿಪಿಳಿ ಅಂತ ಮರಿ ಬಂತು. ಈಗ ಮರಿ ಯಾರದು ಅಂತ ಜಗಳ.

ರಾಜ ನಿಂಗಾಜಮ್ಮನನ್ನು ಕರೆಸಿದ.

‘ನಿಂಗಾಜಮ್ಮಾ, ಹೊಸ ಫ್ರಿಜ್ಜು ನೋಡೋಣ. ಆರಿಸೋಳು ನೀನು.’

‘ಆಗಲಿ ಬುದ್ಧೀ.’

‘ಆದರೆ ನಾನು ಹೇಳಿದ್ದನ್ನೇ ಆರಿಸಬೇಕು.’

‘ಆಗಲಿ ಬುದ್ಧೀ.’

‘ಚೆನ್ನಾಗಿದ್ದರೆ ಆರಿಸಿದ್ದು ನಾನು. ಕೆಟ್ಟರೆ ಆರಿಸಿದ್ದು ನೀನು. ಕೆಟ್ಟರೆ ಸೌಟು ಪದ್ದಕ್ಕನಿಗೆ.’

ಪದ್ದಕ್ಕ ಅಂದರೆ ಮಂತ್ರಿಯ ನಾದಿನಿ. ಎಲ್ಲದಕ್ಕೂ ಸಕ್ಕರೆ ಹಾಕುತ್ತಿದ್ದಳು. ಸಾರಿಗೂ ಸಕ್ಕರೆ, ಉಪ್ಪಿನಕಾಯಿಗೂ ಸಕ್ಕರೆ, ಉಪ್ಪು ಕಡಿಮೆ ಅಂದರೆ ಅದಕ್ಕೂ ಸಕ್ಕರೆ. ಅವಳ ಕೈಗೆ ಸೌಟೇ? ನಿಂಗಾಜಮ್ಮ ಸೌಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಕಾವಲಿಪುರದ ಪದ್ಧತಿ ಕೇಳಿದ್ದೀರೋ ಇಲ್ಲವೋ. ಅಲ್ಲಿ ಮನೆಗೆ ಏನೇ ಹೊಸದು ಬರಲಿ, ಹೆಣ್ಣು ನೋಡಿದ ಹಾಗೆ ನೋಡಿಯೇ ತರಬೇಕು. ಒನಕೆಯನ್ನೂ ಹಾಗೇ ನೋಡಿದ್ದರು, ಪೊರಕೆಯನ್ನೂ ಹಾಗೇ ನೋಡಿದ್ದರು. ಹೀಗಾಗಿ ರಾಜ, ಮಂತ್ರಿ, ನಿಂಗಾಜಮ್ಮ ಎಲ್ಲ ಹೂವು ಹಣ್ಣು ಹಿಡಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಹೆಣ್ಣಿನ ತಂದೆಯ ಹಾಗೆ ಶಲ್ಯ ಹೊದ್ದು ಬಾಗಿಲಲ್ಲೇ ನಿಂತಿದ್ದ. ಉಪ್ಪಿಟ್ಟು ಕೇಸರಿಬಾತು ಕೊಟ್ಟ.

ಮೊದಲು ಬಂದದ್ದು ಸಣ್ಣಿ. ಒಂಟಿ ಬಾಗಿಲಿನ ಪುಟ್ಟ ಫ್ರಿಜ್ಜು. ತಲೆ ಎತ್ತಲಿಲ್ಲ.

‘ಹಾಡು ಬರುತ್ತೇನಮ್ಮಾ?’ ಅಂತ ಮಂತ್ರಿ ಕೇಳಿದ.

‘ಗುಂಯ್’ ಅಂತು ಸಣ್ಣಿ. ಶ್ರುತಿ ತಪ್ಪಲಿಲ್ಲ.

‘ಐಸು ಮಾಡೋಕೆ ಬರುತ್ತಾ?’ ಅಂತ ರಾಜ ಕೇಳಿದ.

‘ನಂಗೆ ಮಾಡೋಕೆ ಬರಲ್ಲ. ತಟ್ಟೇಲಿ ನೀರಿಟ್ಟು ಸುಮ್ನಿದ್ರೆ ತಾನೇ ಆಗುತ್ತೆ’ ಅಂತು ಸಣ್ಣಿ, ನೆಲ ನೋಡಿಕೊಂಡು.

ನಿಂಗಾಜಮ್ಮನಿಗೆ ಆ ಮಾತು ಹಿಡಿಸಿತು. ‘ಸುಳ್ಳು ಹೇಳಲ್ಲ ಬುದ್ಧೀ ಈ ಹುಡುಗಿ. ಇದನ್ನೇ ಮಾಡ್ಕೊಳ್ಳೋಣ’ ಅಂತ ಕಿವಿಯಲ್ಲಿ ಅಂದಳು. ಅಷ್ಟರಲ್ಲಿ ಎರಡನೆಯವಳು ಬಂದಳು ನೋಡಿ! ಹಿಮಾಂಬೆ ಅಂತ ಹೆಸರು. ಎರಡು ಬಾಗಿಲು, ಮೈಯೆಲ್ಲ ಥಳಥಳ, ಹಣೆ ಮೇಲೆ ನೀಲಿ ದೀಪ.

‘ನಾನು ಒಬ್ಬಳೇ ಬರಲ್ಲ, ನನ್ನ ತಮ್ಮನೂ ಬರ್ತಾನೆ’ ಅಂದಳು ಹಿಮಾಂಬೆ.

‘ಎಲ್ಲಮ್ಮಾ ತಮ್ಮ?’

‘ನನ್ನ ಹೊಟ್ಟೆಯೊಳಗೇ ಇದ್ದಾನೆ. ಐಸು ಮಾಡೋನು. ಕಟಕಟ ಅಂತ ಹೆಸರು. ನೀವು ಕೇಳೋದೇ ಬೇಡ, ಅವನೇ ಮಾಡಿ ಅವನೇ ಬಡಿಸ್ತಾನೆ. ಅವನಿಗೆ ಅಂತ ಒಂದು ನಲ್ಲಿ ಹಾಕಿಸಿಕೊಟ್ಟರೆ ಸಾಕು.’

ನಿಂಗಾಜಮ್ಮ ಬಾಗಿಲು ತೆಗೆದು ಇಣುಕಿದಳು. ಮೇಲಿನ ಅರ್ಧ ಜಾಗವೆಲ್ಲ ಕಾಲು ಚಾಚಿಕೊಂಡು ತಮ್ಮನೇ ಕೂತಿದ್ದ. ‘ಬುದ್ಧೀ, ಇವನು ಹಿಂಗೆ ಕೂತರೆ ನಾನು ಹಾಲು ಎಲ್ಲಿಡ್ಲಿ, ತರಕಾರಿ ಎಲ್ಲಿಡ್ಲಿ? ಇರೋ ನೀರೆಲ್ಲ ಇವನೇ ಕುಡಿದ್ರೆ ಪಾತ್ರೆ ಯಾತ್ರಲ್ಲಿ ತೊಳೀಲಿ?’ ಅಂದಳು. ರಾಜನ ಕಿವಿಗೆ ಹೋಗಲಿಲ್ಲ. ತಮ್ಮ ಒಂದು ತುಂಡು ಐಸನ್ನು ರಾಜನ ಲೋಟಕ್ಕೆ ಎಸೆದಿದ್ದ. ಟಿಣ್!

‘ಇವಳೇ!’ ಅಂದ ರಾಜ. ‘ನಿಂಗಾಜಮ್ಮಾ, ಭೇಷಾಗಿ ಆರಿಸಿದೆ.’

ಹಿಮಾಂಬೆಯಿಂದ ಅಕ್ಕಿ ತುಂಬಿದ ಸೇರು ಒದೆಸಿ ಮನೆ ತುಂಬಿಸಿಕೊಂಡರು. ಫ್ರಿಜ್ಜಿಗೆ ಕಾಲೆಲ್ಲಿ ಅಂತ ಕೇಳಬೇಡಿ, ಮಂತ್ರಿ ತನ್ನ ಕಾಲು ಕೊಟ್ಟ. ಊರಿಗೆಲ್ಲ ಊಟ. ಅಂಗಳದಲ್ಲಿ ಉದ್ದಕ್ಕೂ ಎಲೆ ಹಾಕಿ ಪಂಕ್ತಿ ಕೂರಿಸಿದರು. ಮೊದಲ ಎಲೆ ರಾಜನದು. ಕೋಳಿಮರಿ ಸಮೇತ ತಿಪ್ಪಯ್ಯ ಬೋರಯ್ಯ ಕೂಡ ಕೂತರು.

ಊಟ ಮುಗೀತಾ ಬಂತು. ಆಗ ತಮ್ಮ ಬಡಿಸೋಕೆ ಹೊರಟ. ಕಟ, ಕಟ, ಕಟ. ಎಲೆಗೊಂದು ಐಸು, ಲೋಟಕ್ಕೊಂದು ಐಸು.

‘ಸಾಕಾ?’ ಅಂದ ತಮ್ಮ.

‘ಸಾಕಪ್ಪಾ, ಸಾಕು’ ಅಂದರು ಜನ.

ಈಗ ಕಾವಲಿಪುರದ ಇನ್ನೊಂದು ಪದ್ಧತಿ ಹೇಳಬೇಕು. ಅಲ್ಲಿ ಸಾಕು ಅಂದವರಿಗೆ ಬಡಿಸದೇ ಬಿಟ್ಟರೆ ಮರ್ಯಾದೆಗೆಟ್ಟ ಮನೆ ಅಂತ ಲೆಕ್ಕ. ಒಂದು ಸಲ ಸಾಕು ಅಂದರೆ ಸಂಕೋಚ. ಎರಡು ಸಲ ಅಂದರೆ ನಾಚಿಕೆ. ಕೈ ಅಡ್ಡ ಹಿಡಿದರೆ ಕೈ ಮೇಲೆ ಬಡಿಸಬೇಕು. ತಮ್ಮ ಎಲ್ಲಿ ಹುಟ್ಟಿದವನೋ ಏನೋ, ಅಂಗಡಿಯಲ್ಲಿ ಇದ್ದಷ್ಟು ದಿನ ಊರಿನ ಮರ್ಯಾದೆ ಪೂರ್ತಿ ಕಲಿತುಬಿಟ್ಟಿದ್ದ.

‘ಸಂಕೋಚ ಪಡ್ಬೇಡಿ!’ ಅಂದ. ಕಟಕಟಕಟ.

‘ಸಾಕು ಮಾರಾಯಾ!’

‘ನಾಚ್ಕೋಬೇಡಿ, ನಿಮ್ಮನೇ ಅಂತ ತಿಳ್ಕೊಳ್ಳಿ!’ ಕಟಕಟಕಟಕಟ.

‘ಅಯ್ಯೋ ಸಾಕೋ!’

‘ನನ್ನಾಣೆ, ಇನ್ನೊಂದೇ ಒಂದು!’ ಅಂದ ತಮ್ಮ, ಒಂದು ಬುಟ್ಟಿ ಸುರಿದ.

ಐಸು ಎಲೆ ತುಂಬಿತು, ಅಂಗಳ ತುಂಬಿತು, ಜಗಲಿ ತುಂಬಿತು, ಗೋಡೆ ಹಾರಿ ಬೀದಿಗೆ ಹೋಯಿತು. ಪಂಕ್ತಿಯಲ್ಲಿ ಕೂತವರು ಏಳುವ ಹಾಗಿಲ್ಲ. ಮೊದಲ ಎಲೆಯವರು ಏಳದೆ ಮಿಕ್ಕವರು ಎದ್ದರೆ ಮಹಾ ತಪ್ಪು. ಮೊದಲ ಎಲೆ ರಾಜನದು, ರಾಜ ಏಳಲೊಲ್ಲ. ಮುಂದಿನ ಐಸಿನ ಟಿಣ್ ಇನ್ನೂ ಚೆನ್ನಾಗಿದ್ದರೆ? ಅಂತ ಕಾಯುತ್ತ ಕೂತ. ಕೂತೇ ಕೂತ. ಕೋಳಿಮರಿ ಬೆಳೆದು ಕೋಳಿಯಾಯಿತು. ಜನ ಮೂಗಿನ ತನಕ ಐಸಿನಲ್ಲಿ ಹೂತುಕೊಂಡು, ಹುಟ್ಟಿದಾಗಿನಿಂದ ಕಾಣದ ಚಳಿಯನ್ನು ಕಂಡು, ಗಡಗಡ ನಡುಗುತ್ತ ನಗುತ್ತಿದ್ದರು. ಕಾವಲಿಪುರದವರಲ್ಲವೇ, ಮೊದಲು ಮೊದಲು ಮಜವಾಗಿಯೇ ಇತ್ತು.

ಆಮೇಲೆ ಕಂಬಳಿ ಹೊದ್ದುಕೊಂಡು ಯಾರೋ ಅಡುಗೆಮನೆ ಹಿತ್ತಿಲ ಬಾಗಿಲು ತಟ್ಟಿದರು. ನಿಂಗಾಜಮ್ಮ ತೆಗೆದು ನೋಡಿದರೆ ಸೂರ್ಯ!

‘ತಾಯೀ, ಚಳಿ ತಡೀಲಾರೆ. ಒಂದು ಲೋಟ ಕಾಫಿ ಕೊಡವ್ವ, ಐಸೆಲ್ಲ ಕರಗಿಸ್ತೀನಿ.’

‘ಕೊಡೋಕೆ ಹಾಲು ಬೇಕಲ್ಲಪ್ಪಾ. ಹಾಲು ಆ ತಮ್ಮನ ಹಿಂದೆ ಐಸಲ್ಲಿ ಸಿಕ್ಕೊಂಡಿದೆ. ನೀನು ಐಸು ಕರಗಿಸು, ಕಾಫಿ ಕೊಡ್ತೀನಿ.’

‘ನೀನು ಕಾಫಿ ಕೊಡು, ಐಸು ಕರಗಿಸ್ತೀನಿ.’

ಇಬ್ಬರ ಮಾತೂ ನ್ಯಾಯವೇ. ಹೀಗಾಗಿ ಇಬ್ಬರೂ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿಕೊಂಡರು.

ಇತ್ತ ರಾಜ ತಾಳಲಾರದೆ ಲೋಟ ಎತ್ತಿ ಅಲ್ಲಾಡಿಸಿದ. ಸದ್ದೇ ಇಲ್ಲ. ಜೋರಾಗಿ ಅಲ್ಲಾಡಿಸಿದ. ಲೋಟದಲ್ಲಿ ಐಸು ಗಿಜಿಗಿಜಿ ತುಂಬಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಊರೆಲ್ಲ ಐಸು, ಒಂದು ಟಿಣ್ ಇಲ್ಲ!

‘ನಿಂಗಾಜಮ್ಮಾ!’ ಅಂತ ಕಿರುಚಿದ ರಾಜ. ‘ಎಂಥಾ ಫ್ರಿಜ್ಜು ಆರಿಸಿದೆಯೇ ನೀನು! ಪದ್ದಕ್ಕಾ, ಸೌಟು ಇಸ್ಕೋ!’

ಪದ್ದಕ್ಕ ಸೆರಗು ಸಿಕ್ಕಿಸಿಕೊಂಡು, ಸಕ್ಕರೆ ಡಬ್ಬಿ ಹಿಡಕೊಂಡು, ಐಸಿನ ಮೇಲೆ ಜಾರಿಕೊಂಡೇ ಬಂದಳು. ನಿಂಗಾಜಮ್ಮ ಸೌಟನ್ನು ಎದೆಗವಚಿಕೊಂಡಳು. ಅಳು ಬಂತು. ಕಣ್ಣೀರು ಕೆನ್ನೆ ಮೇಲೆ ಬರುವಷ್ಟರಲ್ಲಿ ಗಡ್ಡೆಕಟ್ಟಿ ಕೆಳಗೆ ಬಿತ್ತು. ಬಿದ್ದದ್ದು ಖಾಲಿ ಐಸ್ ತಟ್ಟೆ ಮೇಲೆ, ಕರಿಯವ್ವ ಕೊಟ್ಟುಹೋದ ತಟ್ಟೆ ಮೇಲೆ. ಟಿಣ್!

ಸಣ್ಣ ಸದ್ದು. ಆದರೆ ನಿಂಗಾಜಮ್ಮನ ಅಳು ನಿಂತುಹೋಯಿತು.

‘ಅಯ್ಯೋ ನನ್ನ ಬುದ್ಧಿಗಿಷ್ಟು’ ಅಂತ ಹಣೆ ಬಡಕೊಂಡು, ಸೌಟಿನಲ್ಲೇ ಐಸು ಬಗೆದು ದಾರಿ ಮಾಡಿಕೊಂಡು ರಾಜನ ಎದುರಿಗೆ ಹೋದಳು. ‘ಬುದ್ಧೀ, ಒಂದು ಮಾತು. ನಾನು ಒಂದೇ ಒಂದು ತುಂಡಲ್ಲಿ ಟಿಣ್ ಅನ್ನಿಸ್ತೀನಿ. ಟಿಣ್ ಅಂದ್ರೆ ನಾನು ಹೇಳಿದ್ದು ನೀವು ಮಾಡ್ಬೇಕು. ಅನ್ನದಿದ್ರೆ ಸೌಟು ನಾನೇ ಪದ್ದಕ್ಕನ ಕೈಲಿಟ್ಟು ಕರಿಯವ್ವನ ಹಿಂದೆ ಕಾಶಿಗೆ ಹೋಗ್ತೀನಿ.’

‘ಊರಿನಷ್ಟು ಐಸಲ್ಲಿ ಬಾರದ್ದು ಒಂದು ತುಂಡಲ್ಲಿ ಬರುತ್ತಾ?’ ಅಂತ ನಕ್ಕ ರಾಜ. ‘ಆಗಲಿ.’

ನಿಂಗಾಜಮ್ಮ ರಾಜನ ಲೋಟವನ್ನು ಅಡುಗೆಮನೆಗೆ ಒಯ್ದು, ಒಲೆಯ ಪಕ್ಕ ಹಿಡಿದು, ಬೋರಲು ಹಾಕಿ, ಗಡ್ಡೆಯನ್ನೆಲ್ಲ ಬೀಳಿಸಿದಳು. ಅರ್ಧ ಲೋಟ ಪಾನಕ ಹುಯ್ದಳು. ಒಂದು ತುಂಡು ಹಾಕಿ ತಂದು ರಾಜನ ಕೈಗಿಟ್ಟಳು. ರಾಜ ಲೋಟ ಅಲ್ಲಾಡಿಸಿದ.

ಟಿಣ್!

ಆಹಾ! ರಾಜನ ಕಣ್ಣು ತುಂಬಿತು. ‘ಏನು ಮಾಡಬೇಕು ಹೇಳು ತಾಯೀ’ ಅಂದ.

‘ಎಲೆ ಮಡಚಿ ಬುದ್ಧೀ.’

‘ಅಷ್ಟೇನಾ?’

‘ಸಾಕು ಅಂದ್ರೆ ನಿಲ್ಲಿಸೋನು ಬಡಿಸೋನೇ ಅಲ್ಲ. ಮಡಚಿದ ಎಲೆಗೆ ಬಡಿಸೋನು ಮನುಷ್ಯನೇ ಅಲ್ಲ. ಮಡಚಿ!’

ರಾಜ ಎಲೆ ಮಡಚಿದ. ಪಕ್ಕದವನು ಮಡಚಿದ. ಅವನ ಪಕ್ಕದವನು ಮಡಚಿದ. ಸರಸರಸರ ಅಂತ ಪಂಕ್ತಿಯ ಉದ್ದಕ್ಕೂ ಎಲೆ ಮಡಚಿಕೊಂಡಿತು. ಕಟಕಟ ನಿಂತುಹೋಯಿತು. ಹಿಮಾಂಬೆಯ ಹೊಟ್ಟೆಯೊಳಗಿಂದ ತಮ್ಮ ತಲೆ ಹೊರಗೆ ಹಾಕಿದ. ಬೆವರು ಒರೆಸಿಕೊಂಡ.

‘ಅಬ್ಬಬ್ಬಾ! ಯಾರಾದ್ರೂ ಎಲೆ ಮಡಚ್ತಾರೇನೋ ಅಂತ ಆಗಿನಿಂದ ಕಾಯ್ತಾ ಇದ್ದೀನಿ ಕಣ್ರಪ್ಪಾ. ನನ್ನ ಸೊಂಟ ಬಿದ್ದುಹೋಯ್ತು. ನಾನಾಗೇ ನಿಲ್ಲಿಸಿದ್ರೆ ನೀವು ಬೇಜಾರು ಮಾಡ್ಕೊಳ್ಳಲ್ವಾ?’

ಊರು ಬಿದ್ದೂ ಬಿದ್ದೂ ನಕ್ಕಿತು. ನಕ್ಕ ಬಿಸಿಗೆ ಹಾಲಿನ ಪಾತ್ರೆ ಕಿತ್ತುಕೊಂಡು ಬಂತು. ನಿಂಗಾಜಮ್ಮ ಸೂರ್ಯನಿಗೆ ನೊರೆ ಬರುವ ಹಾಗೆ ಕಾಫಿ ಕೊಟ್ಟಳು. ಸೂರ್ಯ ಸೊರ್ ಅಂತ ಕುಡಿದು, ಕಂಬಳಿ ಮಡಚಿಟ್ಟು, ಕೆಲಸಕ್ಕೆ ಹೋದ.

ಮನೆ ತುಂಬಿಸಿಕೊಂಡವಳನ್ನು ವಾಪಸು ಕಳಿಸುವ ಹಾಗಿಲ್ಲವಲ್ಲ. ಹಿಮಾಂಬೆಯನ್ನೂ ತಮ್ಮನನ್ನೂ ಊರ ಬಾಗಿಲ ಅರವಟ್ಟಿಗೆಗೆ ಕಳಿಸಿದರು, ದಾರಿಹೋಕರಿಗೆ ಧರ್ಮಕ್ಕೆ ಪಾನಕ ಕೊಡುವ ಜಾಗ ಅದು. ಅಲ್ಲಿ ಜನ ಬಂದಷ್ಟೂ ಬರುತ್ತಾರೆ, ಕುಡಿದಷ್ಟೂ ಕುಡಿಯುತ್ತಾರೆ. ತಮ್ಮನಿಗೆ ಕೈ ತುಂಬ ಕೆಲಸ. ಪಾನಕ ಕಲಸೋಕೆ ಪದ್ದಕ್ಕನನ್ನೇ ಇಟ್ಟರು. ಎಷ್ಟು ಸಕ್ಕರೆ ಹಾಕಿದರೂ ಬೈಯುವವರೇ ಇಲ್ಲ. ಪದ್ದಕ್ಕನ ಬಾಳೇ ಸಿಹಿಯಾಯಿತು.

ಅರಮನೆಗೆ ಸಣ್ಣಿ ಬಂದಳು, ಗುಂಯ್ ಅಂತ ಹಾಡಿಕೊಂಡು. ಕರಿಯವ್ವನ ತಟ್ಟೆ ಅವಳ ಹೊಟ್ಟೆಯಲ್ಲಿ ಅಳತೆ ತೆಗೆದ ಹಾಗೆ ಕೂತಿತು. ನಿಂಗಾಜಮ್ಮ ಸಣ್ಣಿಯ ಬೆನ್ನು ಸವರಿ, ಸೌಟು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾರಿಗೆ ಒಗ್ಗರಣೆ ಹಾಕಿದಳು. ಚೊಂಯ್ ಅಂತು. ಅವಳಿಗೆ ಅವತ್ತು ಆದ ಸಂತೋಷ ಹೇಳೋಕೆ ನನ್ನ ಬಾಯಿ ಸಾಲದು.

ಮೊಟ್ಟೆ ಜಗಳವೋ? ಮರಿ ಕೋಳಿಯಾಗಿತ್ತಲ್ಲ, ಪಂಕ್ತಿ ಏಳುವ ಹೊತ್ತಿಗೆ ಅದು ಎರಡು ಮೊಟ್ಟೆ ಇಟ್ಟಿತ್ತು. ರಾಜ ಲೋಟ ಅಲ್ಲಾಡಿಸಿದ. ಟಿಣ್! ‘ತಿಪ್ಪಯ್ಯನಿಗೊಂದು.’ ಟಿಣ್! ‘ಬೋರಯ್ಯನಿಗೊಂದು.’ ಮತ್ತೆ ಟಿಣ್! ‘ಕೋಳಿ ನಿಂಗಾಜಮ್ಮನಿಗೆ.’

ನೀತಿ ಬೇಕಾ? ತಗೊಳ್ಳಿ. ಫ್ರಿಜ್ಜು ನೋಡೋಕೆ ಹೋಗುವಾಗ ಒಂದು ಬಾಳೆಎಲೆ ಜೊತೇಲಿ ತಗೊಂಡು ಹೋಗಿ. ಅದರ ಹೊಟ್ಟೆಯೊಳಗೆ ತಮ್ಮ ಇದ್ದಾನೋ ನೋಡಿ. ಇದ್ದರೆ, ನಿಮ್ಮ ಮನೆ ಅರವಟ್ಟಿಗೆಯೋ ಅಲ್ಲವೋ ಅಂತ ಒಂದು ಸಲ ಯೋಚನೆ ಮಾಡಿ.

ಏನಂದ್ರಿ? ಇನ್ನೊಂದು ಕತೆನಾ? ಬೇಡ, ನನಗೂ ಸೊಂಟ ನೋಯ್ತಿದೆ. ಕರಿಯವ್ವ ಕಾಶಿ ಸೇರಿದಳು, ಟಿಣ್ ಲೋಟ ಸೇರಿತು, ಕತೆ ನಿಮ್ಮ ಕಿವಿ ಸೇರಿತು. ಇಗೋ, ನಾನು ಎಲೆ ಮಡಚಿದೆ. ಏಳಿ, ಕೈ ತೊಳ್ಕೊಳ್ಳಿ.